ಬಂಗಾರಪೇಟೆ ಜಂಕ್ಷನ್: ಗಣಿ ನಿಂತಿತು, ರೈಲು ನಿಲ್ಲಲಿಲ್ಲ

ಬೆಂಗಳೂರಿನವರಿಗೆ ಬಂಗಾರಪೇಟೆ ಅಂದ ಕೂಡಲೇ ನೆನಪಾಗೋದು ಪಾನಿಪುರಿ. ನೋಡೋಕೆ ಬರೀ ತಿಳಿನೀರು, ಬಾಯಿಗೆ ಹಾಕಿದ ಮೇಲೆ ಖಾರ ಗೊತ್ತಾಗುತ್ತೆ. ಊರಿನ ಹೆಸರು ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಬೋರ್ಡ್ ಆಗಿದೆ. ಆದರೆ ಆ ಊರನ್ನು ಊರು ಮಾಡಿದ್ದು ಅಲ್ಲಿನ ರೈಲ್ವೆ ಜಂಕ್ಷನ್. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಸುಮಾರು 16 ಕಿಲೋಮೀಟರ್ ಉದ್ದದ ಒಂದು ಕವಲು ಹಳಿ ಇದೆ. ಅದನ್ನು ಹಾಕಿದ್ದೇ ಚಿನ್ನದ ಗಣಿಗಾಗಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಾನು ಕಾಮರ್ಸ್ ಓದಿದವನು. ನಮ್ಮ ಲೆಕ್ಕದಲ್ಲಿ, ಒಬ್ಬನೇ ಗಿರಾಕಿಗಾಗಿ ತೆರೆದ ಬ್ರಾಂಚ್ ಆ ಗಿರಾಕಿ ಬಾಗಿಲು ಹಾಕಿದ ದಿನವೇ ಮುಚ್ಚಬೇಕು. ಈ ಹಳಿ ಮಾತ್ರ ಮುಚ್ಚಲಿಲ್ಲ. ಯಾಕೆ?

ಉತ್ತರಕ್ಕೆ 1864ಕ್ಕೆ ಹೋಗಬೇಕು. ಆ ವರ್ಷ ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ವರೆಗೆ ಹಳಿ ಹಾಕಿ ಮುಗಿಸಿತು. ಬೆಂಗಳೂರಿಗೆ ಮೊದಲ ರೈಲು ಬಂದಿದ್ದು ಹಾಗೆ. ಆ ದಾರಿಯಲ್ಲಿ, ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರದಲ್ಲಿದ್ದ ಸ್ಟೇಷನ್ನಿಗೆ ಬೌರಿಂಗ್‌ಪೇಟೆ ಅನ್ನೋ ಹೆಸರು ಬಂತು. ಲೆವಿನ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಹೆಸರೂ ಅವನದೇ. ಮುಂದೆ ಬೌರಿಂಗ್‌ಪೇಟೆ ಬಂಗಾರಪೇಟೆ ಆಯಿತು. ಪಕ್ಕದಲ್ಲೇ ಚಿನ್ನದ ಗಣಿ ಇರೋ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲ ಬಿಡಿ.

ಹಳಿ ಬಂದಾಗ ಗಣಿ ಇನ್ನೂ ಇರಲಿಲ್ಲ ಅನ್ನೋದನ್ನು ಗಮನಿಸಿ. ಮೈಕೆಲ್ ಲಾವೆಲ್ ಅನ್ನೋ ಐರಿಷ್ ನಿವೃತ್ತ ಸೈನಿಕನಿಗೆ ಗಣಿ ಅಗೆಯುವ ಪರವಾನಗಿ ಸಿಕ್ಕಿದ್ದು 1875ರಲ್ಲಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ಲೋಡ್ ಅನ್ನೋ ದೊಡ್ಡ ಚಿನ್ನದ ಪದರ ಸಿಕ್ಕಿತು. ಅಲ್ಲಿಂದ ಕಂಪನಿಗಳ ಸಾಲು ಶುರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. 1894ರಲ್ಲಿ ಮೈಸೂರು ಸರ್ಕಾರದ ಕವಲು ಹಳಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಶುರುವಾಯಿತು. ಓಡಿಸುವ ಕೆಲಸ ಮದ್ರಾಸ್ ರೈಲ್ವೆಯದು. ಸಾಧಾರಣ ಸ್ಟೇಷನ್ ಜಂಕ್ಷನ್ ಆಗಿದ್ದು ಆಗ.

ಈಗ ಒಂದು ಸಣ್ಣ ಲೆಕ್ಕ. ಕೋಲಾರದ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಇವತ್ತಿನ ಒಂದು ಗೂಡ್ಸ್ ವ್ಯಾಗನ್ನಿನಲ್ಲಿ ಸುಮಾರು 60 ಟನ್ ಸರಕು ಹಿಡಿಯುತ್ತೆ. ಅಂದರೆ ಅಷ್ಟೂ ಚಿನ್ನ 14 ವ್ಯಾಗನ್ನಿಗೆ ಸಾಕು, ಒಂದು ದೊಡ್ಡ ಗೂಡ್ಸ್ ರೈಲಿನ ಕಾಲು ಭಾಗ! ಹಾಗಾದರೆ ಹಳಿ ಹಾಕಿದ್ದು ಚಿನ್ನ ಸಾಗಿಸೋಕಲ್ಲ. ಚಿನ್ನ ತೆಗೆಯೋಕೆ ಬೇಕಾದ ಸಾಮಾನನ್ನು ಒಳಗೆ ತರೋಕೆ. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದಿದ್ದು 1902ರಲ್ಲಿ. ಅದಕ್ಕೆ ಮುಂಚೆ ಯಂತ್ರಗಳೆಲ್ಲ ಹಬೆಯಲ್ಲೇ ಓಡಬೇಕಿತ್ತು. ಬಾಯ್ಲರಿಗೆ ಕಲ್ಲಿದ್ದಲು, ಸೌದೆ. ಸುರಂಗ ಕುಸಿಯದ ಹಾಗೆ ಕೊಡೋಕೆ ಮರದ ದಿಮ್ಮಿ. ವಿಲಾಯಿತಿಯಿಂದ ಹಡಗಿನಲ್ಲಿ ಬರುವ ಯಂತ್ರ. ಸಾವಿರಾರು ಕೆಲಸಗಾರರಿಗೆ ಅಕ್ಕಿ.

ಆಮೇಲೆ ಜನ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಕೂಲಿಗೆ ಬಂದ ಕುಟುಂಬಗಳು. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಅವರ ಶ್ರಮವಿಲ್ಲದೆ ಕೆಜಿಎಫ್ ಇಲ್ಲ. ಆ ಕವಲಿನ ಸ್ಟೇಷನ್ನುಗಳ ಹೆಸರು ಕೇಳಿ: ಕೋರಮಂಡಲ್, ಉರಿಗಾಂ, ಚಾಂಪಿಯನ್. ಮೂರೂ ಗಣಿಗಳ ಹೆಸರು. ಗಣಿಗಳಲ್ಲಿ ಕೆಲಸ ನಿಂತು ಹೋಗಿದೆ, ಹೆಸರು ಮಾತ್ರ ಇವತ್ತಿಗೂ ಹಳದಿ ಬೋರ್ಡಿನ ಮೇಲಿದೆ.

ಬಂಗಾರಪೇಟೆಯಲ್ಲಿ ಇನ್ನೊಂದು ಕವಲೂ ಇದೆ. ಅದು ಕೋಲಾರಕ್ಕೆ ಹೋಗೋದು, ಸುಮಾರು 18 ಕಿಲೋಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಣಿಯ ಕವಲು 1894ರಲ್ಲಿ ಬಂತು, ಅದೂ ಬ್ರಾಡ್‌ಗೇಜ್, ಐದೂವರೆ ಅಡಿ ಅಗಲ. ಮದ್ರಾಸ್ ಬಂದರಿನಲ್ಲಿ ತುಂಬಿದ ವ್ಯಾಗನ್ ಎಲ್ಲೂ ಇಳಿಸದೆ ನೇರ ಗಣಿಯ ಬಾಗಿಲಿಗೆ. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ರೈಲು ಬರೋಕೆ 1910ರ ದಶಕ ಆಗಬೇಕಾಯಿತು. ಬಂದಿದ್ದೂ ನ್ಯಾರೋಗೇಜ್, ಬರೀ ಎರಡೂವರೆ ಅಡಿ. ಅದೇ ಪುಟ್ಟ ಹಳಿ ಮುಂದೆ ಚಿಕ್ಕಬಳ್ಳಾಪುರ, ನಂದಿ ದಾಟಿ ಯಲಹಂಕದ ಕಡೆ ಬೆಳೆಯಿತು.

ಗೇಜ್ ಬದಲಾದರೆ ಏನಾಗುತ್ತೆ? ವ್ಯಾಗನ್ ಮುಂದೆ ಹೋಗಲ್ಲ. ಜಂಕ್ಷನ್ನಿನಲ್ಲಿ ಪ್ರತಿ ಮೂಟೆಯನ್ನೂ ಇಳಿಸಿ ಇನ್ನೊಂದು ರೈಲಿಗೆ ಹತ್ತಿಸಬೇಕು. ಕೂಲಿ ಎರಡು ಸಲ, ಕಾಯೋದು ಎರಡು ಸಲ. ಕಂಪನಿಯ ಕಲ್ಲಿದ್ದಲಿಗೆ ಈ ಕಷ್ಟ ಇರಲಿಲ್ಲ, ಕೋಲಾರ ಸೀಮೆಯ ರೈತರ ಮೂಟೆಗಿತ್ತು. ಯಾರ ಸರಕು ಯಾವ ಅಳತೆಯ ಹಳಿಯ ಮೇಲೆ ಹೋಗುತ್ತಿತ್ತು ಅಂತ ನೋಡಿದರೆ ಸಾಕು, ಆ ಕಾಲದಲ್ಲಿ ಯಾರಿಗೆ ಬೆಲೆ ಇತ್ತು ಅನ್ನೋದು ಗೊತ್ತಾಗುತ್ತೆ.

ಈ ಭೇದ ಅಳಿಸೋಕೆ ನೂರು ವರ್ಷವೇ ಹಿಡಿಯಿತು. 1990ರ ದಶಕದಲ್ಲಿ ಎರಡೂ ತುದಿಗಳು ಬ್ರಾಡ್‌ಗೇಜ್ ಆದವು: ಆ ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರ, ಈ ಕಡೆ ಬಂಗಾರಪೇಟೆಯಿಂದ ಕೋಲಾರ. ಈ ಕಡೆಯ ತುಂಡಿನಲ್ಲಿ ಬಹಳ ವರ್ಷ ಓಡಿದ್ದು ಒಂದು ರೈಲ್‌ಬಸ್. ಹಳಿ ಮೇಲೆ ಓಡೋ ಬಸ್ಸೇ ಅಂದ್ಕೊಳ್ಳಿ. ಮಧ್ಯದ ಕೋಲಾರ–ಚಿಕ್ಕಬಳ್ಳಾಪುರ ಭಾಗ ಮುಗಿದು ಬ್ರಾಡ್‌ಗೇಜ್ ಹಳಿ ಒಂದಾಗಿದ್ದು 2013ರಲ್ಲಿ.

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಸುರಂಗ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ತೆಗೆಯೋ ಖರ್ಚು ಹೆಚ್ಚಾಯಿತು, ಸಿಗೋ ಚಿನ್ನ ಕಡಿಮೆಯಾಯಿತು, 2001ರಲ್ಲಿ ಬೀಗ ಬಿತ್ತು. ಊರಲ್ಲಿ 1964ರಿಂದ ಬೆಮೆಲ್ ಕಾರ್ಖಾನೆ ಇತ್ತು, ಈಗಲೂ ಇದೆ. ಆದರೆ ಅದೊಂದೇ ಇಡೀ ಊರಿಗೆ ಕೆಲಸ ಕೊಡೋಕಾಗಲ್ಲ.

ಜನ ಊರು ಬಿಡಬೇಕಿತ್ತು. ಎಷ್ಟೋ ಜನ ಬಿಡಲಿಲ್ಲ, ಯಾಕೆ ಅಂದರೆ ಹಳಿ ಇತ್ತು. ಅಜ್ಜ ಕೂಲಿಗೆ ಅಂತ ಇಳಿದ ಅದೇ ಸ್ಟೇಷನ್ನಿನಲ್ಲಿ ಮೊಮ್ಮಗ ಬೆಳಗಿನ ಜಾವ ಬೆಂಗಳೂರಿನ ರೈಲು ಹತ್ತಿದ. ಕಟ್ಟಡ ಕೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಮಾಲ್‌ಗಳಲ್ಲಿ, ಆಸ್ಪತ್ರೆಗಳಲ್ಲಿ, ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು. ದಿನಾ ಸಾವಿರಾರು ಜನ ಸೀಸನ್ ಪಾಸ್ ಹಿಡಿದು ಬಂಗಾರಪೇಟೆ ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್ ಕಡೆ ಹೋಗ್ತಾರೆ. ಹೋಗ್ತಾ ಸುಮಾರು ಎರಡು ಗಂಟೆ, ಬರ್ತಾ ಎರಡು ಗಂಟೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟೋ ಶಕ್ತಿ ಇಲ್ಲದವರ ಪಾಲಿಗೆ ಆ ಪಾಸೇ ಬಾಡಿಗೆ ಕರಾರು. ಇವರಿಗೆ ರೈಲು ಹತ್ತು ನಿಮಿಷ ತಡವಾದರೆ ಅದು ಹಾಜರಿಯ ಪ್ರಶ್ನೆ. ರಾತ್ರಿ ಕೊನೆಯ ರೈಲು ಎಷ್ಟು ಹೊತ್ತಿಗೆ ಅನ್ನೋದರ ಮೇಲೆ ಯಾವ ಶಿಫ್ಟ್ ಒಪ್ಪಿಕೊಳ್ಳಬಹುದು ಅನ್ನೋದು ನಿರ್ಧಾರವಾಗುತ್ತೆ.

ಆದ್ದರಿಂದ ಹಳಿ ಯಾಕೆ ಮುಚ್ಚಲಿಲ್ಲ ಅನ್ನೋದಕ್ಕೆ ನನ್ನ ಉತ್ತರ ಇಷ್ಟು: ಗಿರಾಕಿ ಬದಲಾದ, ಸರಕೂ ಬದಲಾಯಿತು. ಒಂದು ಕಾಲಕ್ಕೆ ಕಲ್ಲಿದ್ದಲು ಒಳಗೆ ಬರುತ್ತಿದ್ದ ಹಳಿಯ ಮೇಲೆ ಈಗ ದುಡಿಮೆ ಹೊರಗೆ ಹೋಗ್ತಾ ಇದೆ. ಇದನ್ನು ಯಶಸ್ಸಿನ ಕಥೆ ಅಂತ ಸಲೀಸಾಗಿ ಹೇಳೋಕೆ ನನಗೆ ಮನಸ್ಸಿಲ್ಲ. ರೈಲು ಊರನ್ನು ಉಳಿಸಿತು ನಿಜ, ಊರಿಗೆ ಕೆಲಸ ತರಲಿಲ್ಲ. ಗಣಿ ಮುಚ್ಚಿದವರು ಕೊಡಬೇಕಿದ್ದ ಪರಿಹಾರದ ಒಂದು ಭಾಗವನ್ನು ಇಲ್ಲಿನ ಜನ ದಿನಾ ನಾಲ್ಕು ಗಂಟೆ ಪ್ರಯಾಣ ಮಾಡಿ ತಾವೇ ತುಂಬಿಕೊಳ್ತಿದ್ದಾರೆ.

ಮುಂದೇನು? 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದಿದೆ. ಅಲ್ಲಿ ಇಳಿದು ಊರೊಳಗೆ ಹೋಗೋದು ಮೊದಲಿಗಿಂತ ಸುಲಭ. ಮಾರಿಕುಪ್ಪಂನಲ್ಲಿ ಮುಗಿಯುವ ಹಳಿಯನ್ನು ಆಂಧ್ರದ ಕುಪ್ಪಂಗೆ ಜೋಡಿಸುವ ಯೋಜನೆಯೂ ಮಂಜೂರಾಗಿ ವರ್ಷಗಳಾಗಿವೆ. ಅದು ಮುಗಿದರೆ ಕೆಜಿಎಫ್ ಕೊನೆಯ ಸ್ಟಾಪ್ ಆಗಿ ಉಳಿಯಲ್ಲ, ಚೆನ್ನೈ ದಾರಿಯ ಊರಾಗುತ್ತೆ. ಆದರೆ ನನ್ನನ್ನು ಕೇಳಿದರೆ, ಯಾವುದೇ ಹೊಸ ಯೋಜನೆಗೂ ಮುಂಚೆ ನೋಡಬೇಕಾದ್ದು ಬಂಗಾರಪೇಟೆಯ ಟೈಮ್‌ಟೇಬಲ್. 1894ರಲ್ಲಿ ಇಲ್ಲಿ ಗಣಿಯ ಕಲ್ಲಿದ್ದಲು ಕಾಯದೆ ಮುಂದೆ ಹೋಗುವ ಹಾಗೆ ಏರ್ಪಾಡು ಮಾಡಿದ್ದರು. ಅದೇ ಗಣಿಯ ಕೆಲಸಗಾರರ ಮೊಮ್ಮಕ್ಕಳಿಗೂ ಅಷ್ಟೇ ಮರ್ಯಾದೆ ಸಿಗಬೇಕು ಅಲ್ವಾ?

ಈ ರೈಲಿನಲ್ಲಿ ದಿನಾ ಓಡಾಡೋರು ಯಾರಾದರೂ ಕೇಳ್ತಾ ಇದ್ದರೆ ನಿಮ್ಮ ಅನುಭವ ಬರೆದು ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.