ಗ್ಯಾಲರಿಯಲ್ಲಿ ಕೂತ ವರದಿಗಾರ

ಬೇಸ್‌ಬಾಲ್ ಆಟದ ನಿಯಮಗಳು ನನಗೆ ಇಂದಿಗೂ ಪೂರ್ತಿ ತಿಳಿಯವು. ಕ್ರಿಕೆಟ್ ನೋಡಿ ಬೆಳೆದವನಿಗೆ ಅದರಲ್ಲಿ ಅರ್ಥವಾಗುವುದು ಅರ್ಧವೇ. ಆದರೂ ಜಾಕಿ ರಾಬಿನ್‌ಸನ್ ಕುರಿತ ‘42’ ಸಿನಿಮಾ ನೋಡುವಾಗ ನನ್ನ ಕಣ್ಣು ನಿಂತದ್ದು ಆಟಗಾರನ ಮೇಲಲ್ಲ. ಪ್ರೇಕ್ಷಕರ ನಡುವೆ, ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವರದಿ ಕುಟ್ಟುತ್ತಿದ್ದ ಒಬ್ಬ ಕಪ್ಪು ಮನುಷ್ಯನ ಮೇಲೆ. ಪತ್ರಕರ್ತರ ಪ್ರೆಸ್ ಬಾಕ್ಸಿಗೆ ಅವನಿಗೆ ಪ್ರವೇಶವಿಲ್ಲ. ಹೆಸರು ವೆಂಡೆಲ್ ಸ್ಮಿತ್. ಸಿನಿಮಾ ಮುಗಿದ ಮೇಲೆ ನಾನು ಹುಡುಕಿ ಓದಿದ್ದೆಲ್ಲ ಅವನ ಬಗ್ಗೆಯೇ.

ಸ್ಮಿತ್ ಹುಟ್ಟಿದ್ದು 1914ರಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ, ಅಪ್ಪ ಮೋಟಾರು ಧಣಿ ಹೆನ್ರಿ ಫೋರ್ಡ್‌ನ ಮನೆಯ ಅಡುಗೆಯವ. ಹುಡುಗ ಒಳ್ಳೆಯ ಪಿಚರ್, ಅಂದರೆ ನಮ್ಮ ಲೆಕ್ಕದಲ್ಲಿ ಬೌಲರ್. ಒಮ್ಮೆ ತನ್ನ ತಂಡವನ್ನು 1-0 ಅಂತರದಲ್ಲಿ ಗೆಲ್ಲಿಸಿದ. ಹೊಸಬರನ್ನು ಆರಿಸಲು ಬಂದಿದ್ದವನು ಇವನ ಜೊತೆಗಾರ ಕ್ಯಾಚರ್‌ನನ್ನೂ ಸೋತ ತಂಡದ ಪಿಚರ್‌ನನ್ನೂ ಕರೆದುಕೊಂಡು ಹೋದ. ನಿನ್ನನ್ನೂ ಸೇರಿಸಿಕೊಳ್ಳುವ ಆಸೆಯಿದೆ, ಆದರೆ ಆಗದು ಎಂದನಂತೆ. ಸ್ಮಿತ್ ತಾನೇ ಮುಂದೆ ಹೇಳಿಕೊಂಡ ಕಥೆ ಇದು. ಕಪ್ಪು ಆಟಗಾರರು ದೊಡ್ಡ ಲೀಗುಗಳಲ್ಲಿ ಆಡಬಾರದೆಂಬ ಬರೆದಿಟ್ಟ ನಿಯಮವೇನೂ ಇರಲಿಲ್ಲ. ಬರೆಯದ ನಿಯಮವನ್ನು ಮಾತ್ರ ಎಲ್ಲರೂ ತಪ್ಪದೆ ಪಾಲಿಸುತ್ತಿದ್ದರು.

1937ರಲ್ಲಿ ಆತ ಕಪ್ಪು ಜನರ ವಾರಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ ಸೇರಿದ. ನಮ್ಮ ಆಟಗಾರರು ಒಪ್ಪುವುದಿಲ್ಲ ಎಂಬುದು ತಂಡದ ಮಾಲೀಕರ ನೆಪವಾಗಿತ್ತು. ಹಾಗಾದರೆ ಆಟಗಾರರನ್ನೇ ಕೇಳೋಣ ಎಂದು ಸ್ಮಿತ್ ಹೊರಟ. ಹೊರಊರಿನ ತಂಡಗಳು ಇಳಿದುಕೊಳ್ಳುತ್ತಿದ್ದ ಶೆನ್ಲೀ ಹೋಟೆಲಿನಲ್ಲಿ ಕಾದು, ನ್ಯಾಷನಲ್ ಲೀಗಿನ ಆಟಗಾರರನ್ನೂ ಮ್ಯಾನೇಜರ್‌ಗಳನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದ. ಬಹುಪಾಲು ಜನರಿಗೆ ತಕರಾರಿರಲಿಲ್ಲ. 1939ರಲ್ಲಿ ಇದು ಸರಣಿಯಾಗಿ ಅಚ್ಚಾಯಿತು. ಮಾಲೀಕರ ನೆಪ ಅಲ್ಲಿಗೆ ಬಯಲಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ.

1945ರ ಏಪ್ರಿಲ್ 16ರಂದು ಸ್ಮಿತ್ ಮೂವರು ಆಟಗಾರರನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡದ ಆಯ್ಕೆ ಪರೀಕ್ಷೆಗೆ ಕರೆದೊಯ್ದ. ಭಾನುವಾರದ ಪಂದ್ಯಗಳಿಗೆ ನಗರಸಭೆಯ ಒಪ್ಪಿಗೆ ಬೇಕಿತ್ತು. ಇಸಡೋರ್ ಮಚ್ನಿಕ್ ಎಂಬ ಸದಸ್ಯ ಆ ಗಂಟನ್ನು ಹಿಡಿದು ಜಗ್ಗಿದ್ದರಿಂದಷ್ಟೇ ಪರೀಕ್ಷೆ ನಡೆಯಿತು. ಮೂವರೂ ಆಡಿ ತೋರಿಸಿದರು, ಆಮೇಲೆ ಕರೆ ಬರಲಿಲ್ಲ. ಸ್ಮಿತ್ ಬ್ರೂಕ್ಲಿನ್‌ಗೆ ಹೋಗಿ ಅಲ್ಲಿನ ಡಾಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿಯನ್ನು ಕಂಡ. ಆ ಮೂವರಲ್ಲಿ ಒಬ್ಬನಾದ ರಾಬಿನ್‌ಸನ್‌ನ ಹೆಸರು ಹೇಳಿದ. ಇದ್ದವರಲ್ಲೆಲ್ಲ ಅತ್ಯುತ್ತಮ ಆಟಗಾರನೆಂದಲ್ಲ. ಕಾಲೇಜಿನಲ್ಲಿ ಬಿಳಿಯರೊಡನೆ ಆಡಿದವನು, ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು, ತಡೆದುಕೊಂಡಾನು ಎಂಬ ಲೆಕ್ಕ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ದೊಡ್ಡ ಲೀಗಿನ ಅಂಗಳಕ್ಕಿಳಿದ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ರಾಬಿನ್‌ಸನ್ ಜೊತೆಗಿರಲು ರಿಕಿ ಸ್ಮಿತ್‌ಗೆ ವಾರಕ್ಕೆ 50 ಡಾಲರ್ ಕೊಡುತ್ತಿದ್ದ. ಊರೂರಿನಲ್ಲಿ ಉಳಿಯಲು ಮನೆ ಹುಡುಕುವುದು, ಜೊತೆಯಲ್ಲಿ ತಿರುಗುವುದು ಸ್ಮಿತ್‌ನ ಪಾಡು. 1946ರಲ್ಲಿ ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ ಬೆದರಿಕೆ ಬಂದಾಗ ರಾಬಿನ್‌ಸನ್‌ನನ್ನು ಕಾರಿನಲ್ಲಿ ಊರು ದಾಟಿಸಿದವರಲ್ಲಿ ಅವನೂ ಒಬ್ಬ. ‘ಕೊರಿಯರ್’ನಲ್ಲಿ ರಾಬಿನ್‌ಸನ್ ಹೆಸರಿನ ಅಂಕಣ ಬರೆಯುತ್ತಿದ್ದವನೂ ಇವನೇ, 1948ರಲ್ಲಿ ಬಂದ ರಾಬಿನ್‌ಸನ್ ಆತ್ಮಕಥೆಯಲ್ಲಿ ‘ನಾನು’ ಎಂದದ್ದೂ ಇವನ ಟೈಪ್‌ರೈಟರೇ. ಸುದ್ದಿ ಮಾಡುವವನೂ ಬರೆಯುವವನೂ ಒಬ್ಬನೇ, ಸಂಬಳ ಮಾತ್ರ ಎರಡು ಕಡೆಯಿಂದ! ಇಂದಿನ ಪತ್ರಿಕೋದ್ಯಮದ ಮೇಷ್ಟರು ಇವನನ್ನು ಖಂಡಿತ ನಪಾಸು ಮಾಡುತ್ತಾರೆ. ನನಗೂ ಮೊದಲು ಕಸಿವಿಸಿಯಾಯಿತು. ಆದರೆ ತಟಸ್ಥನಾಗಿ ಕೂರಲು ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲವಲ್ಲ.

ಹಾಗೆಂದು ಆ ಸಂಬಂಧ ನೆಟ್ಟಗೇ ಉಳಿಯಲಿಲ್ಲ. ಬೈಗುಳಗಳನ್ನು ನುಂಗಿಕೊಂಡಿದ್ದ ರಾಬಿನ್‌ಸನ್ 1949ರ ಹೊತ್ತಿಗೆ ತಿರುಗಿ ಮಾತಾಡತೊಡಗಿದ. ನೆರವಾದ ಪತ್ರಕರ್ತರನ್ನು ಮರೆಯುತ್ತಿದ್ದಾನೆಂದು ಸ್ಮಿತ್ ಅಚ್ಚಿನಲ್ಲೇ ಚುಚ್ಚಿದ. ಎರಡು ವರ್ಷ ಇನ್ನೊಬ್ಬನ ಬಾಯಾಗಿದ್ದವನಿಗೆ ಆ ಬಾಯಿ ತಾನಾಗಿ ಮಾತಾಡಿದ್ದು ಸಹಿಸದಾಯಿತೇ? ನನಗಂತೂ ಹಾಗೆನ್ನಿಸುತ್ತದೆ.

ಅಷ್ಟರಲ್ಲಿ ಸ್ಮಿತ್ ಶಿಕಾಗೋದ ದಿನಪತ್ರಿಕೆಯೊಂದಕ್ಕೆ ಸೇರಿದ್ದ. 1948ರಲ್ಲಿ ಬೇಸ್‌ಬಾಲ್ ಬರಹಗಾರರ ಸಂಘದ ಸದಸ್ಯತ್ವವೂ ಸಿಕ್ಕಿತ್ತು. 1961ರಲ್ಲಿ ಮತ್ತೊಂದು ಜಗಳ ಹೂಡಿದ: ಫ್ಲೋರಿಡಾದ ತರಬೇತಿ ಶಿಬಿರಗಳಲ್ಲಿ ಕಪ್ಪು ಆಟಗಾರರು ತಮ್ಮ ತಂಡದ ಹೋಟೆಲಿನಲ್ಲಿ ಮಲಗುವಂತಿಲ್ಲ ಎಂಬುದರ ವಿರುದ್ಧ.

ಸತ್ತ ಮೇಲೆ ಅವನಿಗೆ 1993ನೇ ಸಾಲಿನ ಸ್ಪಿಂಕ್ ಪ್ರಶಸ್ತಿ ಬಂತು. ಆ ಸ್ಪಿಂಕ್ ಎಂಬಾತ 1942ರಲ್ಲಿ ತನ್ನ ಪತ್ರಿಕೆಯಲ್ಲಿ ಕಪ್ಪು ಬಿಳಿಯರು ಕೂಡಿ ಆಡುವುದನ್ನು ವಿರೋಧಿಸಿ ಸಂಪಾದಕೀಯ ಪ್ರಕಟಿಸಿದ್ದವನು! 2021ರಲ್ಲಿ ಪ್ರಶಸ್ತಿಯಿಂದ ಅವನ ಹೆಸರನ್ನು ತೆಗೆದರು.

ರಾಬಿನ್‌ಸನ್ 1972ರಲ್ಲಿ ಬಂದ ತನ್ನ ಇನ್ನೊಂದು ಆತ್ಮಕಥೆಯಲ್ಲಿ ಸ್ಮಿತ್‌ನ ಋಣವನ್ನು ಒಪ್ಪಿಕೊಂಡಿದ್ದಾನೆ. ಅದೇ ವರ್ಷ ಅಕ್ಟೋಬರ್ 24ರಂದು ಅವನು ತೀರಿಕೊಂಡಾಗ ಸ್ಮಿತ್ ಕ್ಯಾನ್ಸರ್‌ನಿಂದ ಹಣ್ಣಾಗಿದ್ದ. ಆದರೂ ಶ್ರದ್ಧಾಂಜಲಿ ಬರೆದುಕೊಟ್ಟ, ಈ ಸಲ ತನ್ನದೇ ಹೆಸರಿನಲ್ಲಿ. ನವೆಂಬರ್ 26ರಂದು ಅವನೂ ಹೋದ.