ಕೋಲಾ ಓಡಿಸಿದ ಮಂಗಳೂರಿಗ, ಕೋಲಾ ಮಾಡಿದ ಮೈಸೂರು

2020ರ ಜೂನ್. ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಬೆನ್ನಿಗೇ ಎದ್ದಿತು ಕೂಗು: ಚೀನಾ ಮಾಲು ಬಹಿಷ್ಕರಿಸಿ! ಟಿವಿ ಸೆಟ್ಟನ್ನು ಬಾಲ್ಕನಿಯಿಂದ ಎಸೆದು ಪುಡಿ ಮಾಡಿದ ದೃಶ್ಯವನ್ನು ನಾವು ಸುದ್ದಿವಾಹಿನಿಯವರೇ ದಿನವಿಡೀ ತೋರಿಸಿದೆವು. ಆಮೇಲೆ ಏನಾಯ್ತು? 2021-22ರಲ್ಲಿ ಚೀನಾದಿಂದ ಆಮದು ಹಿಂದಿನ ವರ್ಷಕ್ಕಿಂತ ಜಾಸ್ತಿಯಾಯ್ತು.

ಹಾಗಾದ್ರೆ ಜನರ ಸಿಟ್ಟು ಸುಳ್ಳಾ? ಅಲ್ಲವೇ ಅಲ್ಲ. ಆದರೆ ಮನಸ್ಸಿನ ಸಿಟ್ಟು ಬೇರೆ, ಅಂಗಡಿಯ ಬಿಲ್ಲು ಬೇರೆ. ಸರ್ಕಾರವೇ ಮುಂದೆ ನಿಂತು ಒಂದು ವಿದೇಶಿ ಮಾಲನ್ನು ದೇಶದಿಂದ ಹೊರಗೆ ಹಾಕಿದ ಕಥೆಯೊಂದಿದೆ. ಅದರಲ್ಲಿ ನಮ್ಮ ಮಂಗಳೂರೂ ಇದೆ, ಮೈಸೂರೂ ಇದೆ.

ಮಂಗಳೂರಿನವರು ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಅಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬೈಗೆ ಹೋಗಿ ಕಾರ್ಮಿಕ ನಾಯಕರಾದವರು. 1974ರ ರೈಲ್ವೆ ಮುಷ್ಕರದ ಮುಂದಾಳು. ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದರು. 1977ರ ಚುನಾವಣೆಯಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಗೆದ್ದರು. ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾದರು.

ಆಗ ಅವರ ಮುಂದೆ ಬಂದದ್ದು ಕೋಕಾ-ಕೋಲಾ ಕಡತ. ಇಲ್ಲೊಂದು ವಿಷಯ ಗಮನಿಸಿ. ಕೋಲಾ ಓಡಿಸಿದ್ದು ಜಾರ್ಜ್ ಅಂತ ಎಲ್ಲರೂ ಹೇಳ್ತಾರೆ. ಆದರೆ ಅವರ ಕೈಯಲ್ಲಿದ್ದ ಅಸ್ತ್ರ ಇಂದಿರಾ ಗಾಂಧಿ ಸರ್ಕಾರದ್ದು! 1973ರ ಫೆರಾ, ಅಂದರೆ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ. ಇಂಥ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿ, ಉಳಿದದ್ದನ್ನು ಭಾರತೀಯರಿಗೆ ಕೊಡಬೇಕು ಅನ್ನೋದು ಅದರ ನಿಯಮ. ಪಾಲು ಬಿಟ್ಟುಕೊಡಲು ಕೋಕಾ-ಕೋಲಾ ತಯಾರಿತ್ತು. ಆದರೆ ಅದರ ಜೀವಾಳವಾದ ಗುಟ್ಟಿನ ಫಾರ್ಮುಲಾ, ಗುಣಮಟ್ಟದ ಮೇಲಿನ ಹಿಡಿತ ತನ್ನ ಹತ್ತಿರವೇ ಇರಬೇಕು ಎಂದಿತು. ಸರ್ಕಾರ ಆಗಲ್ಲ ಎಂದಿತು. ಕಂಪನಿ ಗಂಟುಮೂಟೆ ಕಟ್ಟಿತು.

ಸರಿ, ಕೋಲಾ ಹೋಯ್ತು. ಜನರ ಬಾಯಾರಿಕೆ ಹೋಗುತ್ತಾ? ಅದಕ್ಕೆ ಸರ್ಕಾರವೇ ಕೋಲಾ ಮಾಡಲು ಹೊರಟಿತು! ಫಾರ್ಮುಲಾ ತಯಾರಾದದ್ದು ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಿಎಫ್‌ಟಿಆರ್‌ಐನಲ್ಲಿ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ. ಮಾರುಕಟ್ಟೆಗೆ ತಂದದ್ದು ಮಾಡರ್ನ್ ಬ್ರೆಡ್ ಮಾಡುತ್ತಿದ್ದ ಸರ್ಕಾರಿ ಕಂಪನಿ. ಹೆಸರು 'ಡಬಲ್ ಸೆವೆನ್'. 1977, ಅಂದರೆ ಜನತಾ ಪಕ್ಷ ಗೆದ್ದ ವರ್ಷ.

ಎಡವಿದ್ದು ಇಲ್ಲೇ. ಪಾನೀಯಕ್ಕೆ ರಾಜಕೀಯದ ಹೆಸರಿಟ್ಟ ಮೇಲೆ ಅದರ ಆಯುಷ್ಯವೂ ರಾಜಕೀಯದ್ದೇ. 1980ರ ಜನವರಿಯಲ್ಲಿ ಇಂದಿರಾ ವಾಪಸ್ ಬಂದರು. ತಮ್ಮ ಸೋಲಿನ ವರ್ಷವನ್ನೇ ಹೆಸರಾಗಿಟ್ಟುಕೊಂಡ ಬಾಟಲಿಯನ್ನು ಯಾವ ಸರ್ಕಾರ ತಾನೇ ಸಾಕೀತು? ಅದಿರಲಿ, ಜನರಾದರೂ ಅದನ್ನು ಹಿಡಿದುಕೊಂಡರಾ? ಅದೂ ಇಲ್ಲ. ಅಷ್ಟರಲ್ಲಿ ಪಾರ್ಲೆಯ ಚೌಹಾಣ್ ಸೋದರರು 'ಥಮ್ಸ್ ಅಪ್' ತಂದಿದ್ದರು. ಕಡಕ್ ರುಚಿ. ಜನ ಅದನ್ನೇ ಕೇಳಿ ತಗೊಂಡರು. ಅದೂ ಸ್ವದೇಶಿಯೇ, ಆದರೆ ಜನ ಕುಡಿದದ್ದು ಸ್ವದೇಶಿ ಅಂತ ಮಾತ್ರ ಅಲ್ಲ, ಚೆನ್ನಾಗಿದೆ ಅಂತ.

ಹಾಗಾದ್ರೆ ಆ ನೀತಿ ಪೂರ್ತಿ ತಪ್ಪಾ? ಹಾಗೂ ಹೇಳೋಕಾಗಲ್ಲ. ಅದೇ ಫೆರಾ ಕಾಯ್ದೆಯ ಜಗಳದಲ್ಲಿ ಐಬಿಎಂ ಕೂಡ 1978ರಲ್ಲಿ ದೇಶ ಬಿಟ್ಟಿತು. ಖಾಲಿಯಾದ ಜಾಗಕ್ಕೆ ಭಾರತೀಯ ಕಂಪನಿಗಳು ನುಗ್ಗಿದವು. ವನಸ್ಪತಿ ಮಾರುತ್ತಿದ್ದ ವಿಪ್ರೋ ಕಂಪ್ಯೂಟರ್ ಕಡೆ ಹೊರಳಿದ್ದು ಆ ಹೊತ್ತಿನಲ್ಲೇ. ನೀತಿಗೆ ಬಾಗಿಲು ತೆರೆಯುವ ಶಕ್ತಿ ಇದೆ. ಒಳಗೆ ಬಂದವನು ಗಟ್ಟಿಗನಾಗಿರಬೇಕು, ಅಷ್ಟೇ.

ಕಥೆ ಇಲ್ಲಿಗೆ ಮುಗಿಯಲ್ಲ. 1991ರಲ್ಲಿ ಉದಾರೀಕರಣ ಬಂತು. 1993ರಲ್ಲಿ, 16 ವರ್ಷಗಳ ನಂತರ, ಆಗ್ರಾದಲ್ಲಿ ಕೋಕಾ-ಕೋಲಾ ಮತ್ತೆ ಕಾಲಿಟ್ಟಿತು. ಅದೇ ವರ್ಷ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಖರೀದಿಸಿತು. ಯಾರನ್ನು ಓಡಿಸಿದ್ದೆವೋ ಅವರ ಕೈಗೇ ನಮ್ಮ ಸ್ವದೇಶಿ ಬಾಟಲಿ ಹೋಯ್ತು. ತಮಾಷೆ ಏನು ಗೊತ್ತಾ? ಇವತ್ತಿಗೂ ಭಾರತದಲ್ಲಿ ಕೋಕಾ-ಕೋಲಾಗಿಂತ ಹೆಚ್ಚು ಬಿಕರಿಯಾಗೋದು ಥಮ್ಸ್ ಅಪ್ಪೇ! ಮಾಲೀಕ ಬದಲಾದ, ಗಿರಾಕಿಯ ನಾಲಿಗೆ ಬದಲಾಗಲಿಲ್ಲ. ಲಾಭ ಮಾತ್ರ ಅಮೆರಿಕದ ಕಂಪನಿಗೆ.

ಇದು ಬರೀ ತಂಪು ಪಾನೀಯದ ಪ್ರಶ್ನೆಯಲ್ಲ. ಸ್ವದೇಶಿ ಅನ್ನೋದು ಘೋಷಣೆಯಿಂದ ಉಳಿಯಲ್ಲ, ಆದೇಶದಿಂದಲೂ ಉಳಿಯಲ್ಲ. ಒಳ್ಳೆ ಮಾಲು ಬೇಕು, ಕೈಗೆಟುಕುವ ಬೆಲೆ ಬೇಕು, ಸರ್ಕಾರ ಬದಲಾದರೂ ಬದಲಾಗದ ನೀತಿ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಡಬಲ್ ಸೆವೆನ್ ಗತಿಯೇ.

ನಾಯಕರು ಮೈಕಿನ ಮುಂದೆ ಬಹಿಷ್ಕಾರದ ಕರೆ ಕೊಟ್ಟಾಗ ಒಂದು ಪ್ರಶ್ನೆ ಕೇಳಿ: ಸ್ವಾಮಿ, ಅದರ ಬದಲಿಗೆ ನಮ್ಮ ಕೈಗೆ ಏನು ಕೊಡ್ತೀರಿ? ಉತ್ತರ ಇಲ್ಲದಿದ್ರೆ ಅದು ಭಾಷಣ, ನೀತಿಯಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ: ಬಹಿಷ್ಕಾರದ ಮೆಸೇಜನ್ನು ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದಿರಲ್ಲ, ಆ ಫೋನ್ ಎಲ್ಲಿ ತಯಾರಾದದ್ದು?