ಬೀಗವೂ ಮುದ್ರೆಯೂ

ಯಂತ್ರಗಳಲ್ಲಿ ಅಡಗಿರುವ ಚಿಪ್‌ಗಳೆಲ್ಲವೂ ಒಂದೇ ಜಾತಿಯವಲ್ಲ. ಹೆಚ್ಚಿನವುಗಳ ಒಳಸಂಪರ್ಕವು ಕಾರ್ಖಾನೆಯಲ್ಲಿಯೇ ಶಾಶ್ವತವಾಗಿ ನಿಶ್ಚಿತವಾಗಿರುತ್ತದೆ. ಹಾಗಲ್ಲದೆ, ಕೊಂಡವನೇ ತನಗೆ ಬೇಕಾದಂತೆ ಒಳಸಂಪರ್ಕವನ್ನು ವಿಧಿಸಿಕೊಳ್ಳಬಹುದಾದ ಚಿಪ್ ಒಂದನ್ನು ಅಮೆರಿಕದ ಝೈಲಿಂಕ್ಸ್ ಸಂಸ್ಥೆಯು ೧೯೮೫ರಲ್ಲಿ ಹೊರತಂದಿತು. ಸಂಸ್ಥಾಪಕರಲ್ಲೊಬ್ಬನಾದ ರಾಸ್ ಫ್ರೀಮನ್ನನ ಕಲ್ಪನೆಯಿದು. ಅದರಲ್ಲಿದ್ದ ತರ್ಕಘಟಕಗಳು ೬೪ ಮಾತ್ರ. ಈ ಜಾತಿಗೆ ಎಫ್.ಪಿ.ಜಿ.ಎ. ಎಂದು ಹೆಸರು.

ಈ ಸೌಕರ್ಯದೊಳಗೇ ಅಪಾಯವೂ ಅಡಗಿದ್ದಿತು. ಇಂತಹ ಚಿಪ್ ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುತ್ತದೆ; ವಿದ್ಯುತ್ತು ಬಂದಾಗಲೆಲ್ಲ ಹೊರಗಿನ ಸ್ಮೃತಿಕೋಶದಿಂದ ತನ್ನ ವಿನ್ಯಾಸವನ್ನು ಮರಳಿ ಓದಿಕೊಳ್ಳಬೇಕು. ನಡುದಾರಿಯಲ್ಲಿ ಕಾದಿರುವವನು ಅದನ್ನು ನಕಲು ಮಾಡಿಕೊಳ್ಳಬಹುದು, ತಿದ್ದಿಯೂ ಕಳುಹಿಸಬಹುದು. ಅಕಸ್ಮಾತ್ತಾಗಿ ನುಸುಳಿದ ತಪ್ಪನ್ನು ಹಿಡಿಯಲು ಸಿ.ಆರ್.ಸಿ. ಎಂಬ ತಾಳೆಲೆಕ್ಕವೇನೋ ಉಂಟು. ಆದರೆ ಬುದ್ಧಿಪೂರ್ವಕವಾಗಿ ತಿದ್ದುವವನು ಆ ಲೆಕ್ಕವನ್ನೂ ತಿದ್ದಬಲ್ಲನಾದ್ದರಿಂದ, ಅದು ಪ್ರಮಾದಕ್ಕೆ ಮದ್ದೇ ಹೊರತು ವಂಚನೆಗಲ್ಲ.

ಆದಕಾರಣ ಈ ಶತಮಾನದ ಆದಿಯಲ್ಲಿ, ವರ್ಟೆಕ್ಸ್-೨ ಎಂಬ ಶ್ರೇಣಿಯಲ್ಲಿ, ವಿನ್ಯಾಸವನ್ನು ಗೂಢಲಿಪಿಯಲ್ಲಿ ಕಳುಹಿಸಿ ಚಿಪ್‌ನೊಳಗೇ ಬಿಡಿಸುವ ಏರ್ಪಾಡಾಯಿತು. ಇದು ಬೀಗ. ೨೦೧೧ರಲ್ಲಿ ಅಮೀರ್ ಮೊರಾದಿ, ಕ್ರಿಸ್ಟೋಫ್ ಪಾರ್ ಮೊದಲಾದ ವಿದ್ವಾಂಸರು ಆ ಬೀಗವನ್ನು ತೆರೆದು ತೋರಿಸಿದರು. ಅವರು ಲಿಪಿಯ ಗಣಿತವನ್ನು ಮುರಿಯಲಿಲ್ಲ; ಲಿಪಿಯನ್ನು ಬಿಡಿಸುವಾಗ ಚಿಪ್ ಸೆಳೆಯುವ ವಿದ್ಯುತ್ತಿನ ಏರಿಳಿತಗಳನ್ನು ಅಳೆದು ಕೀಲಿಯನ್ನು ಹೊರತೆಗೆದರು.

ಅಷ್ಟರಲ್ಲಿ ಬೀಗವೊಂದೇ ಸಾಲದು, ಕಳುಹಿಸಿದವನ ಗುರುತೂ ಬೇಕೆಂಬುದು ತಯಾರಕರಿಗೆ ಮನದಟ್ಟಾಗಿದ್ದಿತು. ಝೈಲಿಂಕ್ಸಿನ ಏಳನೆಯ ಶ್ರೇಣಿಯಲ್ಲಿ ಗೂಢಲಿಪಿಯೊಡನೆ ಎಚ್.ಮ್ಯಾಕ್ ಎಂಬ ಮುದ್ರೆಯೂ ಸೇರಿದ್ದಿತು. ಹೀಗಿದ್ದರೂ ೨೦೨೦ರಲ್ಲಿ ಮೈಕ್ ಎಂಡರ್, ಮೊರಾದಿ, ಪಾರ್ ಈ ಮೂವರು ‘ಸ್ಟಾರ್‌ಬ್ಲೀಡ್’ ಎಂಬ ದೋಷವನ್ನು ಪ್ರಕಟಿಸಿದರು. ಅದೆಂತೆಂದರೆ: ಮುದ್ರೆಯ ಪರೀಕ್ಷೆ ನಡೆಯುತ್ತಿದ್ದುದು ಕಟ್ಟಕಡೆಯಲ್ಲಿ; ಅದಕ್ಕೆ ಮುಂಚೆಯೇ ಚಿಪ್ ಒಳಬಂದ ಅಪ್ಪಣೆಗಳನ್ನು ನಡೆಸಿಬಿಡುತ್ತಿದ್ದಿತು. ವಂಚಕನು ಗೂಢಲಿಪಿಯನ್ನು ಕೊಂಚ ತಿದ್ದಿ, ಬಿಡಿಸಿದ ಮಾತುಗಳನ್ನು ಒಂದೊಂದಾಗಿ ಹೊರಗಿನಿಂದ ಓದಬಹುದಾದ ಸ್ಥಳದಲ್ಲಿ ಬರೆಯುವಂತೆ ಮಾಡಬಹುದಾಗಿದ್ದಿತು. ಕೀಲಿಯ ಅಗತ್ಯವೇ ಇಲ್ಲ; ಚಿಪ್ ತಾನಾಗಿ ಗುಟ್ಟನ್ನು ಒಪ್ಪಿಸುತ್ತಿದ್ದಿತು. ಮೇಲಾಗಿ, ಮುದ್ರೆಯೊತ್ತುವ ಕೀಲಿಯೂ ಅದೇ ಲಿಪಿಯೊಳಗೆ ಇದ್ದುದರಿಂದ, ಸುಳ್ಳು ಮುದ್ರೆಯನ್ನೂ ಒತ್ತಬಹುದಾಗಿದ್ದಿತು.

ದೋಷವು ಸಿಲಿಕಾನಿನಲ್ಲಿಯೇ ಬೆರೆತಿದ್ದ ಕಾರಣ ತಿದ್ದುಪಡಿಗೆ ಅವಕಾಶವಿರಲಿಲ್ಲ. ಆ ಚಿಪ್‌ಗಳನ್ನೇ ಬದಲಾಯಿಸಬೇಕು, ಇಲ್ಲವೆ ಅವುಗಳ ಬಳಿಗೆ ಪರರು ಸುಳಿಯದಂತೆ ಕಾಯಬೇಕು.

ಓಲೆಯ ಮುದ್ರೆಯನ್ನು ನೋಡುವ ಮುನ್ನವೇ ಅದರ ಅಪ್ಪಣೆಯನ್ನು ನಡೆಸುವ ದ್ವಾರಪಾಲಕನಿರುವ ಕೋಟೆಗೆ ಬೀಗವೆಷ್ಟು ಬಲವಾಗಿದ್ದರೇನು? ಮೊದಲು ಪರೀಕ್ಷೆ, ತರುವಾಯ ಪಾಲನೆ: ಈ ಹಳೆಯ ರಾಜನೀತಿಯನ್ನು ಹೊಸ ಯಂತ್ರವೂ ಕಲಿಯಬೇಕಾಯಿತು.